ಕೇಶ್ವಾಪುರದ ಕಡಾಯಿಯಲ್ಲಿ ಚೀನೀ ಖೀಮಾ

ರವಿವಾರ ಬೆಳಗಿನ ಎಂಟು ಗಂಟೆ. ಹುಬ್ಬಳ್ಳಿ ರೈಲು ನಿಲ್ದಾಣದ ನೆರೆಯ ಕೇಶ್ವಾಪುರ ಇನ್ನೂ ಪೂರ್ತಿ ಎದ್ದಿರುವುದಿಲ್ಲ. ಆದರೆ ಮಟನ್ ಅಂಗಡಿಗಳ ಮುಂದೆ ಆಗಲೇ ಪಾಳಿ ಹಚ್ಚಿರುತ್ತದೆ. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಅಂದಿನ ಪೇಪರು. ಕಟ್ಟಿಗೆಯ ದಿಮ್ಮಿಯ ಮೇಲೆ ಎರಡು ಕತ್ತಿ ಒಂದರ ಹಿಂದೊಂದು ಬೀಳುವ ಟಕಟಕ ಸದ್ದು ಓಣಿಯ ತುದಿಗೂ ಕೇಳಿಸುತ್ತದೆ. ಯಾರದೋ ಮನೆಗೆ ಇಂದು ಖೀಮಾ!

ಅದೇ ದಿನ ಸಂಜೆ ಏಳರ ಹೊತ್ತಿಗೆ ಇನ್ನೊಂದು ಸದ್ದು. ಎಗ್‌ರೈಸ್ ಗಾಡಿಯ ಕಡಾಯಿಗೆ ಚಮಚ ಬಡಿಯುವ ಠಣಠಣ. ಗಾಡಿಯ ಮೇಲೆ ಕೆಂಪು ಅಕ್ಷರದಲ್ಲಿ ‘ಚೈನೀಸ್’ ಎಂಬ ಬೋರ್ಡು. ಅದರ ಕೆಳಗೆ ಬೋರ್ಡಿಗಿಂತಲೂ ಕೆಂಪಾದ ಗೋಬಿ ಮಂಚೂರಿ. ಬೆಳಿಗ್ಗೆ ಮಟನ್ ಅಂಗಡಿಗೆ ಅಪ್ಪ ಹೋದರೆ, ಸಂಜೆ ಗಾಡಿಯ ಸುತ್ತ ಮಕ್ಕಳು. ಒಂದೇ ಮನೆಯ ಎರಡು ನಾಲಿಗೆಗಳು ಒಂದೇ ದಿನದಲ್ಲಿ ಹೀಗೆ ಎರಡು ದಾರಿ ಹಿಡಿಯುತ್ತವೆ.

ಕೇಶ್ವಾಪುರಕ್ಕೆ ಹಲವು ನಾಲಿಗೆಗಳು ಹೊಸತಲ್ಲ. ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆ ಶುರುವಾದದ್ದು 1885ರ ಸುಮಾರಿಗೆ. ಅಲ್ಲಿಂದ ಮುಂದೆ ನಾಲ್ಕೂ ದಿಕ್ಕಿನ ಜನ ನೌಕರಿ ಹುಡುಕಿಕೊಂಡು ಬಂದು ನಿಲ್ದಾಣದ ಸುತ್ತ ನೆಲೆ ಊರಿದರು. ತಮಿಳರು, ತೆಲುಗರು, ಗೋವೆಯ ಕೊಂಕಣಿಗರು, ಆಂಗ್ಲೋ ಇಂಡಿಯನ್ನರು, ಬಯಲುಸೀಮೆಯ ಹಳ್ಳಿಗಳಿಂದ ಬಂದವರು ಅಕ್ಕಪಕ್ಕದಲ್ಲಿ ಒಲೆ ಹೂಡಿದರು. 2003ರಲ್ಲಿ ಹುಬ್ಬಳ್ಳಿ ನೈರುತ್ಯ ರೈಲ್ವೆ ವಲಯದ ಕೇಂದ್ರವಾದ ಮೇಲಂತೂ ಈ ಮಿಶ್ರಣ ಇನ್ನಷ್ಟು ಹೆಚ್ಚಿತು. ಇಂಥ ಊರಿನಲ್ಲಿ ಚೀನದ ಕಡಾಯಿಗೂ ಒಂದು ಜಾಗ ಸಿಕ್ಕದ್ದರಲ್ಲಿ ಆಶ್ಚರ್ಯವೇನಿಲ್ಲ.

ಒಂದು ಮನಿ, ಮೂರು ಅಡಿಗಿ

ಕೇಶ್ವಾಪುರದ ಯಾವುದೇ ಓಣಿಯಲ್ಲಿ ಕಾಣಬಹುದಾದ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಯಜಮಾನರಿಗೆ ಐವತ್ತು ದಾಟಿದೆ. ಕಳೆದ ತಿಂಗಳು ಡಾಕ್ಟರು ತೋಳಿಗೆ ಪಟ್ಟಿ ಕಟ್ಟಿ, ಗಾಳಿ ಊದಿ, ಮೀಟರ್ ನೋಡಿ ತಲೆ ಅಲ್ಲಾಡಿಸಿದ್ದಾರೆ. ಗುಳಿಗೆ ಬರೆದು ಕೊಟ್ಟು, ಜತೆಗೆ ಎರಡು ಮಾತು ಹೇಳಿದ್ದಾರೆ: ಉಪ್ಪು ಕಡಿಮೆ ಮಾಡಿ, ಎಣ್ಣೆ ಕಡಿಮೆ ಮಾಡಿ. ಮರುದಿನದಿಂದ ಮನೆಯಾಕೆಯ ಫಜೀತಿ ಶುರು. ಯಜಮಾನರಿಗೆ ಸಪ್ಪನೆಯ ಬೇಳೆ, ಅತ್ತೆಗೆ ಮೆತ್ತಗಿನ ಅನ್ನ, ಮಕ್ಕಳಿಗೆ ಖಾರದ ಸಾರು.

‘ಅಲ್ರೀ, ಒಂದು ಮನ್ಯಾಗ ಮೂರು ಅಡಿಗಿ ಅಂದ್ರ ಹೆಂಗ್ರೀ?’ ಎಂದು ಆಕೆ ಕೇಳಿದರೆ, ‘ನನಗೇನು ಬ್ಯಾಡ ಬಿಡ, ನೀವು ಉಣ್ರಿ’ ಎಂದು ಅವರು ಪೇಪರಿನ ಮರೆಗೆ ಸರಿಯುತ್ತಾರೆ. ಖೀಮಾದ ವಾಸನೆ ಬರುವ ರವಿವಾರ ಮಧ್ಯಾಹ್ನ ಅವರು ಎದ್ದು ಹೊರಗೆ ಹೋಗಿಬಿಡುತ್ತಾರೆ. ಸಂಜೆ ಮಕ್ಕಳು, ‘ಮಮ್ಮಿ, ಗೋಬಿ ತಿಂದು ಬರ್ತೀವಿ’ ಎಂದು ಓಡುತ್ತಾರೆ. ವಾರಕ್ಕೊಮ್ಮೆ ಎಲ್ಲರೂ ಕೂಡಿ ಉಣ್ಣುತ್ತಿದ್ದ ಊಟ ಹೀಗೆ ಸದ್ದಿಲ್ಲದೆ ಒಡೆದು ಹೋಗುತ್ತದೆ. ರಕ್ತದೊತ್ತಡ ಮನೆಗೆ ಬಂದರೆ ಆಗುವ ನಷ್ಟಗಳಲ್ಲಿ ಇದೂ ಒಂದು. ಇದನ್ನು ಯಾವ ಮೀಟರೂ ತೋರಿಸುವುದಿಲ್ಲ.

ಅಪ್ಪನ ಖೀಮಾ, ಮಕ್ಕಳ ಚೈನೀಸ್, ಡಾಕ್ಟರ ಮಾತು: ಈ ಮೂರನ್ನೂ ಒಂದೇ ಕಡಾಯಿಗೆ ತರಲು ಬರುತ್ತದೆಯೇ? ಬರುತ್ತದೆ. ಚೀನದ ಮನೆಗಳಲ್ಲಿ ಈ ಲೆಕ್ಕ ಎಂದೋ ಬಗೆಹರಿದಿದೆ. ಆದರೆ ಅದನ್ನು ಕಲಿಯಬೇಕಾದರೆ ಮೊದಲು ಗಾಡಿಯ ಚೈನೀಸನ್ನು ಬದಿಗಿಡಬೇಕು.

ಗಾಡಿಯ ಚೈನೀಸ್ ಎಲ್ಲಿಯದು?

ಗೋಬಿ ಮಂಚೂರಿಯನ್ನು ಚೀನದ ಮಂಚೂರಿಯಾ ಪ್ರಾಂತದಲ್ಲಿ ಹುಡುಕಿದರೆ ಸಿಗಲಾರದು. ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಕಲಕತ್ತೆಯ ಬಳಿ ಬಂದು ನೆಲೆಸತೊಡಗಿದ ಚೀನೀಯರು ತಮ್ಮ ಅಡುಗೆಯನ್ನೂ ತಂದರು. ಮುಂದೆ ಅಲ್ಲಿನ ಟಾಂಗ್ರಾ ಬಡಾವಣೆಯಲ್ಲಿ ಚರ್ಮ ಹದ ಮಾಡುವ ಕಸುಬಿನಲ್ಲಿದ್ದ ಹಕ್ಕಾ ಚೀನೀಯರ ಕೈಯಲ್ಲಿ ಅದು ನಮ್ಮ ಮೆಣಸಿನಕಾಯಿ, ಬಳ್ಳೊಳ್ಳಿಗಳೊಡನೆ ಬೆರೆಯಿತು. ‘ಹಕ್ಕಾ ನೂಡಲ್ಸ್’ ಎಂಬ ಹೆಸರಿನಲ್ಲಿ ಆ ಜನರ ನೆನಪು ಉಳಿದಿದೆ. ಕಲಕತ್ತೆಯಲ್ಲಿ ಹುಟ್ಟಿ ಮುಂಬಯಿಗೆ ಬಂದ ನೆಲ್ಸನ್ ವಾಂಗ್ ಎಂಬ ಬಾಣಸಿಗರು 1975ರಲ್ಲಿ ಅಲ್ಲಿನ ಕ್ರಿಕೆಟ್ ಕ್ಲಬ್ಬಿನಲ್ಲಿ ಚಿಕನ್ ಮಂಚೂರಿಯನ್ ಕಂಡುಹಿಡಿದರೆಂಬುದು ಪ್ರಸಿದ್ಧ ಕತೆ. ನಮ್ಮ ಅಡುಗೆಯ ಶುಂಠಿ, ಬಳ್ಳೊಳ್ಳಿ, ಹಸಿಮೆಣಸಿನಕಾಯಿಯ ಒಗ್ಗರಣೆಗೆ ಗರಂ ಮಸಾಲೆಯ ಬದಲು ಸೋಯಾ ಸಾಸ್ ಹಾಕಿದರಂತೆ; ಅಷ್ಟೇ. ಕೋಳಿಯ ಜಾಗಕ್ಕೆ ಹೂಕೋಸು ಬಂದು ಗೋಬಿ ಮಂಚೂರಿಯಾಯಿತು. ಕರ್ನಾಟಕದಲ್ಲಿ ಅದು ತಲುಪದ ಜಾತ್ರೆಯಿಲ್ಲ, ಬಸ್‌ಸ್ಟ್ಯಾಂಡ್ ಇಲ್ಲ.

ಹುಟ್ಟಿದ ಊರು ಯಾವುದಾದರೇನು, ರುಚಿಯಾಗಿದ್ದರೆ ಸಾಕು ಎನ್ನಬಹುದು. ಸಮಸ್ಯೆ ಇರುವುದು ರುಚಿಯಲ್ಲಲ್ಲ, ಬಣ್ಣದಲ್ಲಿ. 2024ರ ಮಾರ್ಚ್ 11ರಂದು ಕರ್ನಾಟಕ ಸರಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಪರೀಕ್ಷೆಗೆ ಒಳಪಡಿಸಿದ 171 ಮಾದರಿಗಳಲ್ಲಿ 107ರಲ್ಲಿ ಸುರಕ್ಷಿತವಲ್ಲದ ಕೃತಕ ಬಣ್ಣ ಸಿಕ್ಕಿತ್ತು. ಬಾಂಬೆ ಮಿಠಾಯಿಗೂ ಅಂದೇ ನಿರ್ಬಂಧ ಬಂತು. ಅದರಲ್ಲಿ ಸಿಕ್ಕದ್ದು ಬಟ್ಟೆಗೆ ಹಾಕುವ ರೊಡಮೈನ್-ಬಿ ಎಂಬ ಬಣ್ಣ. ಅದೇ ಜೂನ್ ತಿಂಗಳಲ್ಲಿ ಕಬಾಬುಗಳಿಗೂ ಇದೇ ನಿಯಮ ವಿಸ್ತರಿಸಿತು.

ಬಣ್ಣ ಕಣ್ಣಿಗೆ ಕಾಣುವ ದೋಷ. ಕಾಣದಿರುವವು ಇನ್ನೆರಡು: ಹಿಟ್ಟಿನಲ್ಲಿ ಅದ್ದಿ ಕರಿದದ್ದನ್ನು ಮತ್ತೆ ಎಣ್ಣೆಯಲ್ಲಿ ಹೊರಳಿಸುವುದರಿಂದ ಬರುವ ಕೊಬ್ಬು, ಒಂದರ ಮೇಲೊಂದು ಸುರಿಯುವ ಸಾಸುಗಳಿಂದ ಬರುವ ಉಪ್ಪು. ರಕ್ತದೊತ್ತಡದವರಿಗೆ ಬಣ್ಣಕ್ಕಿಂತ ಈ ಎರಡರದೇ ಕಾಟ ಹೆಚ್ಚು.

ಚೀನದ ಮನೆಯಲ್ಲಿ ಮಾಂಸ ಒಂದು ಒಗ್ಗರಣೆ

ಇನ್ನು ನಿಜವಾದ ಚೀನದ ಮನೆಯಡುಗೆಗೆ ಬರೋಣ. ಅಲ್ಲಿ ಖೀಮಾದ ಅಡುಗೆಗಳಲ್ಲಿ ಲೋಕಪ್ರಸಿದ್ಧವಾದದ್ದು ‘ಮಾಪೋ ತೋಫು’. ಸಿಚುವಾನ್ ಪ್ರಾಂತದ ಚೆಂಗ್ಡು ನಗರದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಖಾನಾವಳಿ ನಡೆಸುತ್ತಿದ್ದ ಹೆಂಗಸೊಬ್ಬಳ ಕೈಯಡುಗೆಯಿದು. ಮುಖದ ಮೇಲೆ ಸಿಡುಬಿನ ಕಲೆಯಿದ್ದ ಆಕೆಯನ್ನು ಜನ ‘ಮಾಪೋ’, ಅಂದರೆ ಕಲೆಮುಖದ ಅಜ್ಜಿ ಎಂದು ಕರೆಯುತ್ತಿದ್ದರಂತೆ. ಒಂದು ಬೋಗುಣಿ ತುಂಬ ಸೋಯಾ ಪನೀರು. ಅದರ ಮೇಲೆ ಮೆಣಸಿನಕಾಯಿಯಲ್ಲಿ ಹುರಿದ ಒಂದು ಹಿಡಿ ಖೀಮಾ. ಅಷ್ಟು ಖೀಮಾ ಇಡೀ ಬೋಗುಣಿಗೆ ರುಚಿ ಕೊಡುತ್ತದೆ. ಇನ್ನೊಂದು ಅಡುಗೆಯ ಹೆಸರು ‘ಮರ ಹತ್ತುವ ಇರುವೆಗಳು’. ಶಾವಿಗೆಯ ಎಳೆಗಳಿಗೆ ಖೀಮಾದ ಚೂರುಗಳು ಇರುವೆಗಳಂತೆ ಅಂಟಿಕೊಂಡಿರುವುದರಿಂದ ಆ ಹೆಸರು!

ಎರಡರಲ್ಲೂ ಒಂದೇ ಲೆಕ್ಕ. ಮಾಂಸ ಮುಖ್ಯ ಪದಾರ್ಥವಾಗಿ ಬರದೆ ಒಗ್ಗರಣೆಯಂತೆ ಬರುತ್ತದೆ. ಮಾಂಸ ತುಟ್ಟಿಯಾಗಿದ್ದ ಕಾಲದಲ್ಲಿ ಕಾಲು ಕಿಲೋ ಮಾಂಸವನ್ನು ಇಡೀ ಮನೆಗೆ ಹಂಚುವ ಜಾಣತನ ಅದು. ದಪ್ಪ ತುಂಡು ಮಾಡಿದರೆ ನಾಲ್ವರಿಗೆ ನಾಲ್ಕು ತುಂಡು; ಖೀಮಾ ಮಾಡಿದರೆ ಪ್ರತಿ ತುತ್ತಿನಲ್ಲೂ ಮಾಂಸದ ರುಚಿ. ಬಡತನ ಕಲಿಸಿದ ಈ ಉಪಾಯ ಇಂದು ಡಾಕ್ಟರ ಸಲಹೆಗೂ ಸರಿಹೊಂದುತ್ತದೆ.

ನಮ್ಮ ಹುಬ್ಬಳ್ಳಿಯ ಖೀಮಾ ಇದಕ್ಕೆ ತದ್ವಿರುದ್ಧ. ಸಾವಜಿ ಖಾನಾವಳಿಯ ಖೀಮಾ ಉಂಡೆಯ ಹೆಸರು ಕೇಳಿದರೆ ಹೊರಗಿನವರ ಬಾಯಲ್ಲೂ ನೀರೂರುತ್ತದೆ. ಹುರಿದು ಅರೆದ ಮಸಾಲೆ, ಮೇಲೆ ತೇಲುವ ಕೆಂಪು ಎಣ್ಣೆಯ ಪದರ, ಹಣೆಯಲ್ಲಿ ಬೆವರು ತರಿಸುವ ಖಾರ. ಅದರ ಸುಖವನ್ನು ಅಲ್ಲಗಳೆಯುವವರು ಯಾರು? ಹಬ್ಬಕ್ಕೆ, ನೆಂಟರಿಗೆ ಅದು ಇರಲಿ. ವಾರವಾರದ ಊಟಕ್ಕೆ, ಅದರಲ್ಲೂ ಗುಳಿಗೆ ನುಂಗುವವರಿರುವ ಮನೆಗೆ, ಚೆಂಗ್ಡುವಿನ ಅಜ್ಜಿಯ ಲೆಕ್ಕವೇ ಲೇಸು.

ಯಾವ ಮಾಂಸ? ಎಷ್ಟು?

ಪರದೇಶದ ಅಡುಗೆ ಪುಸ್ತಕಗಳಲ್ಲಿ ಇಂಥ ಖೀಮಾಕ್ಕೆ ಸಾಮಾನ್ಯವಾಗಿ ದನದ ಮಾಂಸವನ್ನೇ ಹೇಳಿರುತ್ತಾರೆ. ಮಾಪೋ ತೋಫುವಿನಲ್ಲೂ ಮೂಲದಲ್ಲಿ ಅದೇ. ಕರ್ನಾಟಕದಲ್ಲಿ 2021ರಲ್ಲಿ ಜಾರಿಗೆ ಬಂದ ಕಾನೂನಿನ ಪ್ರಕಾರ ಆಕಳು, ಎತ್ತು, ಹೋರಿ, ಕರುಗಳ ವಧೆಗೆ ನಿಷೇಧವಿದೆ. 13 ವರ್ಷ ದಾಟಿದ ಎಮ್ಮೆ, ಕೋಣಗಳಿಗೆ ಮಾತ್ರ ಪರೀಕ್ಷೆ, ಪ್ರಮಾಣಪತ್ರಗಳ ಷರತ್ತಿನ ಮೇಲೆ ವಿನಾಯಿತಿ. ಹಾಗಾಗಿ ಇಲ್ಲಿನ ಅಡುಗೆಮನೆಯಲ್ಲಿ ಈ ಅಡುಗೆಯ ಸಹಜ ರೂಪ ಮಟನ್ ಖೀಮಾ ಅಥವಾ ಕೋಳಿ ಖೀಮಾ. ವಿಧಾನದಲ್ಲಿ ವ್ಯತ್ಯಾಸವಿಲ್ಲ; ಬೇಯುವ ಹೊತ್ತಿನಲ್ಲಿ ಮಾತ್ರ ಸ್ವಲ್ಪ ಹೆಚ್ಚುಕಡಿಮೆ.

ಕೊಳ್ಳುವಾಗಲೇ ಅರ್ಧ ಆರೋಗ್ಯ ನಿರ್ಧಾರವಾಗುತ್ತದೆ. ಸಿದ್ಧವಾಗಿ ಗುಡ್ಡೆ ಹಾಕಿಟ್ಟ ಖೀಮಾದಲ್ಲಿ ಕೊಬ್ಬು ಎಷ್ಟು, ಅದು ಎಂದಿನದು ಎಂದು ಹೇಳುವುದು ಕಷ್ಟ. ‘ಅಣ್ಣಾರ, ತೊಡೀದು ಕೊಡ್ರಿ, ಕೊಬ್ಬು ತಗದು ನಮ್ಮ ಮುಂದನ ಖೀಮಾ ಮಾಡ್ರಿ’ ಎಂದು ಹೇಳಿ, ನಿಂತು ಮಾಡಿಸಿಕೊಂಡು ಬರುವುದೇ ಸರಿಯಾದ ಕ್ರಮ. ಹತ್ತು ನಿಮಿಷ ಹೆಚ್ಚು ಹಿಡಿಯಬಹುದು. ಚಿಂತೆಯಿಲ್ಲ, ಪೇಪರು ಕೈಯಲ್ಲೇ ಇದೆ.

ಖೀಮಾದ ಬಗ್ಗೆ ಇನ್ನೊಂದು ಎಚ್ಚರ. ಇಡಿಯಾದ ತುಂಡಿನಲ್ಲಿ ರೋಗಾಣುಗಳು ಹೆಚ್ಚಾಗಿ ಹೊರಮೈಯಲ್ಲಿರುತ್ತವೆ. ಕೊಚ್ಚಿದಾಗ ಅವು ಒಳಗೆಲ್ಲ ಬೆರೆತುಹೋಗುತ್ತವೆ. ಆದ್ದರಿಂದ ಖೀಮಾವನ್ನು ಅರೆಬೇಯಿಸಿ ತಿನ್ನಬಾರದು. ಮಟನ್ ಖೀಮಾದ ಒಳಗಿನ ಶಾಖ 71 ಡಿಗ್ರಿ, ಕೋಳಿ ಖೀಮಾದ್ದು 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕೆಂಬುದು ಆಹಾರ ಸುರಕ್ಷತೆಯ ನಿಯಮ. ಥರ್ಮಾಮೀಟರ್ ಇಲ್ಲದ ಮನೆಯಲ್ಲಿ ಎಲ್ಲೂ ಗುಲಾಬಿ ಬಣ್ಣ ಉಳಿಯದಂತೆ, ನೀರೆಲ್ಲ ಇಂಗುವವರೆಗೆ ಚೆನ್ನಾಗಿ ಬೇಯಿಸಬೇಕು. ತಂದ ಖೀಮಾವನ್ನು ಎರಡು ತಾಸಿಗಿಂತ ಹೆಚ್ಚು ಹೊರಗಿಡಕೂಡದು. ಏಪ್ರಿಲ್, ಮೇ ತಿಂಗಳ ಹುಬ್ಬಳ್ಳಿಯ ಬಿಸಿಲಿನಲ್ಲಿ ಒಂದೇ ತಾಸು. ಫ್ರಿಜ್ಜಿನಲ್ಲಿಟ್ಟರೂ ಎರಡು ದಿನದೊಳಗೆ ಮುಗಿಸಬೇಕು.

ಇನ್ನು ಪ್ರಮಾಣ. ಕುರಿ, ಆಡು, ದನ ಇವೆಲ್ಲ ‘ಕೆಂಪು ಮಾಂಸ’ದ ಲೆಕ್ಕಕ್ಕೆ ಸೇರುತ್ತವೆ. ಇದನ್ನು ಅತಿಯಾಗಿ ತಿನ್ನುವುದರಿಂದ ಕರುಳಿನ ಕ್ಯಾನ್ಸರಿನ ಅಪಾಯ ಹೆಚ್ಚಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಎಚ್ಚರಿಸಿತು. ಬೆಂದ ಕೆಂಪು ಮಾಂಸ ವಾರಕ್ಕೆ 350ರಿಂದ 500 ಗ್ರಾಮಿನೊಳಗೆ ಇರಲಿ ಎಂಬುದು ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯ ಸಲಹೆ. ನಾಲ್ವರಿಗೆ ಕಾಲು ಕಿಲೋ ಎಂದರೆ ಒಬ್ಬರಿಗೆ ಹಸಿ ಮಾಂಸ 60 ಗ್ರಾಮಿನ ಆಸುಪಾಸು. ಮಿತಿಯ ಹತ್ತಿರವೂ ಹೋಗುವುದಿಲ್ಲ. ಉಳಿದ ತಟ್ಟೆಯನ್ನು ತರಕಾರಿ ತುಂಬುತ್ತದೆ. ತಟ್ಟೆಯ ಅರ್ಧದಷ್ಟು ಹಣ್ಣು, ತರಕಾರಿ ಇರಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯೂ ಹೇಳುತ್ತದೆ.

ಸಾಸಿನ ಬಾಟಲಿಯಲ್ಲಿ ಅಡಗಿದ ಉಪ್ಪು

ಚೀನೀ ಅಡುಗೆಯಲ್ಲಿ ಉಪ್ಪಿನ ಕೆಲಸ ಮಾಡುವುದು ಸೋಯಾ ಸಾಸ್. ನಮ್ಮ ಗೃಹಿಣಿಯರು ಸಾಮಾನ್ಯವಾಗಿ ತಪ್ಪುವುದು ಇಲ್ಲಿಯೇ. ಅದನ್ನು ಬರೀ ಬಣ್ಣದ ನೀರೆಂದು ತಿಳಿದು ಸುರಿದು, ಮೇಲೆ ರೂಢಿಯಂತೆ ಉಪ್ಪನ್ನೂ ಹಾಕಿಬಿಡುತ್ತಾರೆ. ಒಂದು ಟೇಬಲ್ ಚಮಚ, ಅಂದರೆ 15 ಮಿ.ಲೀ. ಸೋಯಾ ಸಾಸಿನಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಇದು ಎರಡು ಗ್ರಾಮಿಗೂ ಹೆಚ್ಚು ಉಪ್ಪಿಗೆ ಸಮ. ವಯಸ್ಕರೊಬ್ಬರು ಇಡೀ ದಿನದಲ್ಲಿ ತಿನ್ನಬೇಕಾದ ಉಪ್ಪು 5 ಗ್ರಾಮಿಗಿಂತ ಕಡಿಮೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗಾಡಿಯ ಒಂದು ಪ್ಲೇಟಿಗೆ ಸೋಯಾ, ಚಿಲ್ಲಿ ಸಾಸ್, ಟೊಮೆಟೊ ಸಾಸ್, ಮೇಲೆ ಉಪ್ಪು, ಅಜಿನೊಮೊಟೊ ಎಲ್ಲ ಬಿದ್ದರೆ ದಿನದ ಕೋಟಾ ಎಷ್ಟು ಉಳಿದೀತು?

ಅಜಿನೊಮೊಟೊ ಎಂದೊಡನೆ ಹೆದರುವವರಿದ್ದಾರೆ. ಟೋಕಿಯೊದ ರಸಾಯನ ವಿಜ್ಞಾನಿ ಕಿಕುನಾಯೆ ಇಕೆದಾ 1908ರಲ್ಲಿ ಸಮುದ್ರದ ಪಾಚಿಯ ಸಾರಿನಿಂದ ಬೇರ್ಪಡಿಸಿದ ರುಚಿಯ ಅಂಶವಿದು. ಅಮೆರಿಕೆಯ ವೈದ್ಯಕೀಯ ಪತ್ರಿಕೆಯೊಂದರಲ್ಲಿ 1968ರಲ್ಲಿ ಬಂದ ಒಂದು ಪತ್ರದಿಂದ ಇದರ ಮೇಲೆ ಸಂಶಯದ ಹುಯಿಲೆದ್ದಿತು. ಆಮೇಲಿನ ಪರೀಕ್ಷೆಗಳಲ್ಲಿ, ಸಾಮಾನ್ಯ ಪ್ರಮಾಣದಲ್ಲಿ ತಿಂದವರಿಗೆ ಹೇಳಿದಷ್ಟು ಕೇಡು ಕಂಡುಬರಲಿಲ್ಲ. ಆದರೂ ಮನೆಯ ಈ ಅಡುಗೆಗೆ ಅದರ ಅಗತ್ಯವೇ ಇಲ್ಲ. ಹುರಿದ ಮಾಂಸ, ಸೋಯಾ ಎರಡರಲ್ಲೂ ಆ ರುಚಿ ತಾನಾಗಿ ಇದೆ. ರಕ್ತದೊತ್ತಡದವರು ನಿಜವಾಗಿ ಹೆದರಬೇಕಾದದ್ದು ಉಪ್ಪಿಗೆ.

ಉಪ್ಪು ಕಡಿಮೆಯಾದಾಗ ನಾಲಿಗೆ ಮುನಿಯದಂತೆ ನೋಡಿಕೊಳ್ಳಲು ಚೀನೀಯರ ಬಳಿ ಉಪಾಯವಿದೆ: ಹುಳಿ, ಶುಂಠಿ, ಬಳ್ಳೊಳ್ಳಿ, ಕಾಳುಮೆಣಸು. ಕೊನೆಗೆ ಬೀಳುವ ಎರಡು ಚಮಚ ವಿನೆಗರ್ ಉಪ್ಪಿನ ಕೊರತೆಯನ್ನು ಮುಚ್ಚಿಬಿಡುತ್ತದೆ. ವಿನೆಗರ್ ಇಲ್ಲದಿದ್ದರೆ ಲಿಂಬೆರಸವೂ ನಡೆದೀತು.

ಕೆಂಪು ಬಣ್ಣ ಬೇಕೆ? ಬ್ಯಾಡಗಿ ಇದೆಯಲ್ಲ!

ಮಕ್ಕಳಿಗೆ ಚೈನೀಸ್ ಎಂದರೆ ಕೆಂಪಗೇ ಇರಬೇಕು. ಅದಕ್ಕೆ ಬಣ್ಣದ ಪುಡಿಯ ಪೊಟ್ಟಣ ಹುಡುಕುವುದು ಹುಬ್ಬಳ್ಳಿಯವರಿಗಂತೂ ಶೋಭಿಸದು. ಪಕ್ಕದ ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ಹೊತ್ತ ಮೆಣಸಿನಕಾಯಿ ಜಗತ್ತಿಗೇ ಬಣ್ಣ ಕೊಡುತ್ತದೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಸುಕ್ಕು ಸುಕ್ಕಾದ ಈ ಕಾಯಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಇದರಿಂದ ತೆಗೆದ ರಂಗು ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ! ಐದು ಕಾಯಿಗಳ ಬೀಜ ಉದುರಿಸಿ, ಬಿಸಿನೀರಲ್ಲಿ ಅರ್ಧ ತಾಸು ನೆನೆಸಿ, ನುಣ್ಣಗೆ ಅರೆದರೆ ಯಾವ ಗಾಡಿಯ ಗೋಬಿಯನ್ನೂ ನಾಚಿಸುವ ಕೆಂಪು ಸಿದ್ಧ. ಸಾಸಿನ ಬಾಟಲಿ ಒಂದು ಕಡಿಮೆಯಾಯಿತು. ಅದರೊಡನೆ ಅದರ ಉಪ್ಪು, ಸಕ್ಕರೆಯೂ ಹೊರಗುಳಿದವು.

ಮಾಡುವ ಬಗೆ

ನಾಲ್ವರಿಗೆ ಬೇಕಾಗುವ ಸಾಮಗ್ರಿ:

ಕೊಬ್ಬು ತೆಗೆದ ಮಟನ್ ಅಥವಾ ಕೋಳಿ ಖೀಮಾ – 250 ಗ್ರಾಂ
ಎಲೆಕೋಸು – 250 ಗ್ರಾಂ
ಗಜ್ಜರಿ – 100 ಗ್ರಾಂ
ಬೀನ್ಸ್ – 100 ಗ್ರಾಂ
ಡೊಣ್ಣ ಮೆಣಸಿನಕಾಯಿ – 1
ಉಳ್ಳಾಗಡ್ಡಿ ತಪ್ಪಲು – 1 ಸಿವುಡು
ಬಳ್ಳೊಳ್ಳಿ – 10 ಎಸಳು
ಹಸಿಶುಂಠಿ – 1 ಅಂಗುಲದ ತುಂಡು
ಒಣ ಬ್ಯಾಡಗಿ ಮೆಣಸಿನಕಾಯಿ – 5
ಸೋಯಾ ಸಾಸ್ – 1 ಟೇಬಲ್ ಚಮಚ
ವಿನೆಗರ್ – 2 ಟೀ ಚಮಚ
ಕಾರ್ನ್‌ಫ್ಲೋರ್ – 1 ಟೀ ಚಮಚ
ಬೆಲ್ಲದ ಪುಡಿ – ಅರ್ಧ ಟೀ ಚಮಚ
ಕಾಳುಮೆಣಸಿನ ಪುಡಿ – ಅರ್ಧ ಟೀ ಚಮಚ
ಶೇಂಗಾ ಎಣ್ಣೆ – ಒಂದೂವರೆ ಟೇಬಲ್ ಚಮಚ
ಉಪ್ಪು – ಬೇಡ

ಒಲೆ ಹಚ್ಚುವ ಮೊದಲೇ ಎಲ್ಲ ಹೆಚ್ಚಿ, ಅರೆದು, ಅಳೆದು ಕೈಗೆಟುಕುವಂತೆ ಇಟ್ಟುಕೊಳ್ಳಬೇಕು. ಚೀನೀ ಅಡುಗೆಯಲ್ಲಿ ಹೆಚ್ಚುವುದೇ ಮುಕ್ಕಾಲು ಕೆಲಸ. ಬೇಯಿಸುವುದು ಕಾಲು ಭಾಗ. ಕಡಾಯಿ ಕಾದ ಮೇಲೆ ಬಳ್ಳೊಳ್ಳಿ ಸುಲಿಯಲು ಕುಳಿತರೆ ಕೆಟ್ಟಿತು. ಕೋಸು, ಗಜ್ಜರಿಗಳನ್ನು ತೆಳ್ಳಗೆ ಉದ್ದುದ್ದ ಹೆಚ್ಚಿ. ಬೀನ್ಸನ್ನು ಓರೆಯಾಗಿ, ತೆಳ್ಳಗೆ ಕತ್ತರಿಸಿ. ಡೊಣ್ಣ ಮೆಣಸಿನಕಾಯಿ ಸಣ್ಣ ಚೌಕಗಳಾಗಲಿ. ಉಳ್ಳಾಗಡ್ಡಿಯ ಬಿಳಿ ಭಾಗ ಬೇರೆ, ಹಸಿರು ತಪ್ಪಲು ಬೇರೆ ಇರಲಿ. ಸೋಯಾ, ಬೆಲ್ಲ, ಕಾರ್ನ್‌ಫ್ಲೋರುಗಳನ್ನು ಕಾಲು ಬಟ್ಟಲು ನೀರಿನಲ್ಲಿ ಗಂಟಿಲ್ಲದಂತೆ ಕದಡಿ ಬದಿಗಿಡಿ.

ದಪ್ಪ ತಳದ ಕಬ್ಬಿಣದ ಕಡಾಯಿ ಚೆನ್ನಾಗಿ ಕಾಯಲಿ. ಎಣ್ಣೆ ಹಾಕದೆ ಖೀಮಾವನ್ನೇ ಹಾಕಿ, ಗಂಟು ಬಿಡಿಸುತ್ತ ಕೆದಕಿ. ಮೊದಲು ನೀರು ಬಿಡುತ್ತದೆ, ಆಮೇಲೆ ತನ್ನದೇ ಕೊಬ್ಬು ಬಿಡುತ್ತದೆ. ಕೋಳಿ ಖೀಮಾ ಆರೇಳು ನಿಮಿಷಕ್ಕೆ ಬೇಯುತ್ತದೆ. ಮಟನ್ ಖೀಮಾ ಹಾಗಲ್ಲ. ಅರ್ಧ ಬಟ್ಟಲು ನೀರು ಹಾಕಿ, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಬಿಡಬೇಕು. ಬಲಿತ ಮಾಂಸವಾದರೆ ಕುಕ್ಕರಿನಲ್ಲಿ ಎರಡು ಸೀಟಿ ಕೂಗಿಸಿಕೊಳ್ಳುವುದು ಒಳ್ಳೆಯದು. ನೀರು ಇಂಗಿ ಖೀಮಾ ಉದುರುದುರಾಗಿ ಕಂದುಬಣ್ಣಕ್ಕೆ ತಿರುಗಿದಾಗ, ಬಿಟ್ಟ ಕೊಬ್ಬನ್ನು ಬಸಿದು, ತಟ್ಟೆಗೆ ತೆಗೆದಿಡಿ. ಪರದೇಶದ ಪುಸ್ತಕ ನೋಡಿ ಮಾಡುವವರು ಸೋಲುವುದು ಈ ಹಂತದಲ್ಲಿ. ಅಲ್ಲಿನ ಯಂತ್ರದ ನುಣ್ಣನೆಯ ಖೀಮಾ ಬೇಗ ಬೇಯುತ್ತದೆ. ಕತ್ತಿಯಲ್ಲಿ ಕೊಚ್ಚಿದ ನಮ್ಮ ಮಟನ್ನಿಗೆ ಹೆಚ್ಚು ಹೊತ್ತು ಬೇಕು. ತರಕಾರಿಯೊಡನೆ ಕೂಡಿಸಿ ಬೇಯಿಸಹೋದರೆ ಮಾಂಸ ಬೇಯುವಷ್ಟರಲ್ಲಿ ಕೋಸು ಕರಗಿ ಪಲ್ಯವಾಗಿರುತ್ತದೆ.

ಈಗ ಅದೇ ಕಡಾಯಿಗೆ ಎಣ್ಣೆ ಹಾಕಿ, ಉರಿ ಜೋರು ಮಾಡಿ. ಜಜ್ಜಿದ ಬಳ್ಳೊಳ್ಳಿ, ಸಣ್ಣಗೆ ಹೆಚ್ಚಿದ ಶುಂಠಿ, ಉಳ್ಳಾಗಡ್ಡಿಯ ಬಿಳಿ ಭಾಗ ಹಾಕಿ ಅರ್ಧ ನಿಮಿಷ ಕೆದಕಿ. ಘಮ್ಮೆಂದ ಕೂಡಲೆ ಅರೆದ ಬ್ಯಾಡಗಿ ಹಾಕಿ, ಹಸಿವಾಸನೆ ಹೋಗುವವರೆಗೆ ಒಂದೆರಡು ನಿಮಿಷ ಬಾಡಿಸಿ. ಮೊದಲು ಬೀನ್ಸ್, ಗಜ್ಜರಿ. ಎರಡು ನಿಮಿಷದ ಮೇಲೆ ಕೋಸು, ಡೊಣ್ಣ ಮೆಣಸಿನಕಾಯಿ. ಕೈ ನಿಲ್ಲಿಸದೆ ಕೆದಕುತ್ತಿರಬೇಕು. ಇನ್ನೆರಡು ನಿಮಿಷಕ್ಕೆ ಖೀಮಾ ಸೇರಿಸಿ, ಕದಡಿಟ್ಟ ಸೋಯಾ ನೀರನ್ನು ಮತ್ತೊಮ್ಮೆ ಕಲಕಿ ಸುರಿಯಿರಿ. ಒಂದು ಕುದಿ ಬಂದು ಎಲ್ಲಕ್ಕೂ ಹೊಳಪು ಹತ್ತುತ್ತಲೇ ಒಲೆ ಆರಿಸಿ. ಮೇಲೆ ವಿನೆಗರ್, ಕಾಳುಮೆಣಸು, ಉಳ್ಳಾಗಡ್ಡಿಯ ಹಸಿರು ತಪ್ಪಲು. ಮುಗಿಯಿತು.

ಕಚ್ಚಿದರೆ ಕೋಸು ಕರುಂ ಎನ್ನಬೇಕು. ಎನ್ನದಿದ್ದರೆ ಕಾರಣ ಎರಡೇ: ಉರಿ ಸಾಲದು, ಅಥವಾ ಕಡಾಯಿ ತುಂಬಿಹೋಗಿದೆ. ಹೊಟೇಲಿನ ಒಲೆಯ ಉರಿಗೆ ಮನೆಯ ಗ್ಯಾಸ್ ಒಲೆ ಸಮನಾಗದು. ಒಮ್ಮೆಗೇ ಎಲ್ಲ ತರಕಾರಿ ಹಾಕಿದರೆ ಕಡಾಯಿಯ ಕಾವು ಇಳಿದು, ತರಕಾರಿ ನೀರು ಬಿಟ್ಟು, ಹುರಿಯುವ ಬದಲು ಬೇಯತೊಡಗುತ್ತದೆ. ಎಂಟು ಜನಕ್ಕೆ ಮಾಡುವುದಿದ್ದರೆ ಎರಡು ಸಲ ಮಾಡುವುದೇ ಜಾಣತನ.

ಲೆಕ್ಕ ಹಾಕಿ ನೋಡಿ. ಸಾಸಿನಿಂದ ಒಬ್ಬರಿಗೆ ಬರುವ ಸೋಡಿಯಂ ಸುಮಾರು 225 ಮಿಲಿಗ್ರಾಂ, ಅಂದರೆ ಅರ್ಧ ಗ್ರಾಮಿಗಿಂತ ತುಸು ಹೆಚ್ಚು ಉಪ್ಪು. ಎಣ್ಣೆ ಒಬ್ಬರ ಪಾಲಿಗೆ ಒಂದು ಟೀ ಚಮಚದ ಆಸುಪಾಸು. ತರಕಾರಿ ಮಾಂಸದ ಎರಡು ಪಟ್ಟು. ಇಷ್ಟು ಹೇಳಿದರೆ ಬಹುತೇಕ ಡಾಕ್ಟರುಗಳ ಮುಖವೂ ಅರಳೀತು. ಆದರೂ ಯೂರಿಕ್ ಆಮ್ಲ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಮಾಂಸದ ಪ್ರಮಾಣವನ್ನು ತಮ್ಮ ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು.

ರೊಟ್ಟಿಯೊಳಗೆ ಚೀನ

ಇದನ್ನು ಯಾವುದರ ಜತೆ ಉಣ್ಣುವುದು? ಅನ್ನಕ್ಕೆ ಸೈ, ನೂಡಲ್ಸಿಗೆ ಸೈ. ಆದರೆ ಹುಬ್ಬಳ್ಳಿಯಲ್ಲಿದ್ದು ಬಿಸಿ ಜೋಳದ ರೊಟ್ಟಿಯನ್ನು ಮರೆತರೆ ಹೇಗೆ? ದಕ್ಷಿಣ ಚೀನದ ಕಡೆ ಇಂಥ ಖೀಮಾವನ್ನು ಹಸಿ ಸೊಪ್ಪಿನ ಎಲೆಯಲ್ಲಿ ಸುತ್ತಿ ತಿನ್ನುವ ಪದ್ಧತಿಯಿದೆ. ಇಲ್ಲಿ ಆ ಕೆಲಸವನ್ನು ಮೆತ್ತನೆಯ ರೊಟ್ಟಿ ಮಾಡುತ್ತದೆ. ರೊಟ್ಟಿ ತಟ್ಟುವಾಗ ಉಪ್ಪು ಹಾಕುವ ರೂಢಿ ನಮ್ಮಲ್ಲಿ ಮೊದಲೇ ಕಡಿಮೆ, ನಾರಿನಂಶ ಹೆಚ್ಚು. ಮಕ್ಕಳಿಗೆ ರೊಟ್ಟಿಯಲ್ಲಿ ಸುರುಳಿ ಸುತ್ತಿ ‘ರೋಲ್’ ಎಂದು ಕೊಟ್ಟರೆ ಮರುಮಾತಿಲ್ಲದೆ ತಿನ್ನುತ್ತಾರೆ. ಬದಿಗೆ ಸೌತೆಕಾಯಿ, ಮೂಲಂಗಿಯ ಹೋಳು ಇರಲಿ. ಉಪ್ಪಿನಕಾಯಿ ಭರಣಿ ಮಾತ್ರ ಅಂದು ಕಪಾಟಿನಲ್ಲೇ ಇರಲಿ.

ಕೇಶ್ವಾಪುರದಲ್ಲಿ ಮಾಂಸ ಮುಟ್ಟದ ಮನೆಗಳೂ ಬೇಕಾದಷ್ಟಿವೆ. ಅವರು ಬೇಸರಪಡಬೇಕಾಗಿಲ್ಲ. ಅಂಗಡಿಯಲ್ಲಿ ಸಿಗುವ ಸೋಯಾ ಹರಳುಗಳನ್ನು ಬಿಸಿನೀರಲ್ಲಿ ಹತ್ತು ನಿಮಿಷ ನೆನೆಸಿ, ಎರಡು ಸಲ ತೊಳೆದು, ಗಟ್ಟಿಯಾಗಿ ಹಿಂಡಿ, ಖೀಮಾದ ಜಾಗಕ್ಕೆ ಹಾಕಬಹುದು. ನೆನೆದರೆ ಉಬ್ಬುವುದರಿಂದ 80 ಗ್ರಾಂ ಸಾಕು. ಸಣ್ಣಗೆ ಹೆಚ್ಚಿದ ಅಣಬೆಯೂ ಚೆನ್ನ. ಅದರಲ್ಲಿ ಮಾಂಸವನ್ನು ಹೋಲುವ ರುಚಿ ಸಹಜವಾಗಿಯೇ ಇದೆ. ಬಳ್ಳೊಳ್ಳಿ, ಉಳ್ಳಾಗಡ್ಡಿ ಬೇಡವೆನ್ನುವವರು ಶುಂಠಿ, ಕಾಳುಮೆಣಸುಗಳನ್ನು ತುಸು ಹೆಚ್ಚಿಸಿಕೊಂಡರಾಯಿತು.

ಒಂದು ಅಡುಗೆಯಿಂದ ರಕ್ತದೊತ್ತಡ ಇಳಿದುಬಿಡುತ್ತದೆಂದು ಯಾರೂ ಭ್ರಮೆ ಪಡಬೇಕಾಗಿಲ್ಲ. ಗುಳಿಗೆ ನುಂಗಲೇಬೇಕು, ಬೆಳಗಿನ ಅಡ್ಡಾಟ ಬಿಡಬಾರದು. ಇದರಿಂದ ಆಗುವುದು ಇಷ್ಟೇ: ಡಾಕ್ಟರ ಮಾತು ಮುರಿಯದೆಯೂ ರವಿವಾರದ ಊಟವನ್ನು ಉಳಿಸಿಕೊಳ್ಳಬಹುದು.

ಆ ಮನೆಯನ್ನೇ ಮತ್ತೊಮ್ಮೆ ನೆನೆದುಕೊಳ್ಳಿ. ಮಧ್ಯಾಹ್ನ ಒಂದು ಗಂಟೆ. ಒಳಗಿನಿಂದ ಬಳ್ಳೊಳ್ಳಿ ಹುರಿದ ವಾಸನೆ. ಯಜಮಾನರು ಅಭ್ಯಾಸದಂತೆ ಚಪ್ಪಲಿ ಮೆಟ್ಟಿ ಹೊರಡುವಷ್ಟರಲ್ಲಿ ಅಡುಗೆಮನೆಯಿಂದ ಕೂಗು:

‘ಎಲ್ಲಿಗೆ ಹೊಂಟ್ರಿ? ಕೈ ತೊಳಕೊಂಡು ಬರ್ರಿ. ಇವತ್ತು ಎಲ್ಲಾರಿಗೂ ಒಂದ ಅಡಿಗಿ.’

ಚಪ್ಪಲಿ ಮತ್ತೆ ಬಾಗಿಲ ಮೂಲೆ ಸೇರುತ್ತದೆ. ಸಂಜೆ ಏಳಕ್ಕೆ ಗಾಡಿಯ ಠಣಠಣ ಕೇಳಿದಾಗ ಮಕ್ಕಳು ಎದ್ದು ಓಡುತ್ತಾರೋ ಇಲ್ಲವೋ, ಅದು ಬೇರೆ ಮಾತು. ಮಧ್ಯಾಹ್ನವಂತೂ ನಾಲ್ಕೂ ತಟ್ಟೆಗಳು ಖಾಲಿಯಾಗಿರುತ್ತವೆ.